ಎರಡರಲ್ಲಿ ಯಾವುದು ಖಾಲಿ

ಗ್ಯಾಂಬಿಯಾದ ಕಡಲಂಚಿನ ಆ ಊರಿನ ಹಿರಿಯರೆಲ್ಲ ಬಂತಾಬಾ ಎಂಬ ಊರಕಟ್ಟೆಯ ಮರದಡಿ ಸೇರಿ ಇತ್ಯರ್ಥ ಮಾಡಬೇಕಾದಷ್ಟು ಘನವಾದ ಸಂಗತಿಯೊಂದು ಸೋಮವಾರ ಬೆಳಿಗ್ಗೆ ನಡೆದುಹೋಯಿತು: ಆಮಿ ಸಾನ್ಯಾಂಗಳ ಒಂಬತ್ತು ತಿಂಗಳ ಮಗು ಲಸಿಕೆ ಹಾಕಿಸಿಕೊಂಡು ಅಳಲಿಲ್ಲ.

ಮಣಿಕಟ್ಟಿಗೆ ಅಂಟಿಸಿದ್ದು ಅಂಗಿಯ ಗುಂಡಿಯಷ್ಟಗಲದ ಬಿಲ್ಲೆ. ಅದರ ಅಡಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು, ಚರ್ಮದೊಳಗೆ ಕರಗಿಹೋಗುವಂಥವು. ಐದು ನಿಮಿಷದ ಮೇಲೆ ಅದನ್ನು ಕಿತ್ತು, ತೋಳಿಗೆ ಮಾಮೂಲಿ ಸೂಜಿ ಚುಚ್ಚಿದರು. ಆಗ ಮಗು ಕಿಟಾರನೆ ಕಿರುಚಿತು. ಆಮಿಗೆ ಸಮಾಧಾನವಾಯಿತು, ಅರ್ಧದಷ್ಟು.

"ಎರಡರಲ್ಲಿ ಒಂದರಲ್ಲಿ ದಡಾರದ ಮದ್ದಿದೆ, ಇನ್ನೊಂದು ಖಾಲಿ," ಎಂದ ನರ್ಸ್ ಬಿರಾನ್ ಜೂಫ್.

"ಯಾವುದು ಖಾಲಿ?"

"ನಿನ್ನ ತಲೆಯಷ್ಟು ಖಾಲಿ ಯಾವುದೂ ಇಲ್ಲ ಬಿಡು. ನನಗೂ ಗೊತ್ತಿಲ್ಲ ಕಣಮ್ಮಾ. ಗೊತ್ತಿರಬಾರದು. ಅದೇ ಪರೀಕ್ಷೆ."

ತೊಡಕಿದ್ದದ್ದು ಇಲ್ಲೇ. ಬಿರಾನ್ ಸೆರೆರ್ ಜನದವನು, ಆಮಿ ಜೋಲಾ. ಮುತ್ತಜ್ಜಂದಿರ ಕಾಲದಿಂದ ಎರಡೂ ಜನಕ್ಕೆ ಗೇಲಿಯ ನಂಟು. ಸೆರೆರ್‌ನವನು ಜೋಲಾದವಳನ್ನು ಜೀತದಾಳು ಎಂದು ಆಡಿಕೊಳ್ಳದೆ ಬಿಟ್ಟರೆ ಅದೇ ಅವಮಾನ. ಹೋದ ವಾರ, ಬಿಲ್ಲೆಯೂ ಸೂಜಿಯಷ್ಟೇ ಕೆಲಸ ಮಾಡುತ್ತದೆಯೇ ಎಂಬ ಈ ಪರೀಕ್ಷೆಯನ್ನೆಲ್ಲ ವಿವರಿಸಿ, ಒಪ್ಪಿಗೆಯ ಹೆಬ್ಬೆಟ್ಟು ಒತ್ತಿಸಿಕೊಂಡವನೂ ಇವನೇ; ಅವಳು ಅಷ್ಟನ್ನೂ ನಗುನಗುತ್ತ ಕೇಳಿದ್ದಳು. ಆಮೇಲೆ ಪಕ್ಕದೂರಿನಲ್ಲಿ ದಡಾರ ಎರಡು ಮಕ್ಕಳನ್ನು ಒಯ್ದಿತ್ತು. ಈಗ ನಗು ಬರಲಿಲ್ಲ.

"ಎರಡನ್ನೂ ಖಾಲಿ ಇಟ್ಟಿದ್ದೀಯೇನೋ, ಮೀನುಗಳ್ಳ?"

"ಜೋಲಾ ಕೂಸಿಗೆ ಮದ್ದು ಯಾಕೆ ದಂಡ? ಗಂಜಿ ತುಂಬಿಸಿದ್ದೀನಿ."

"ಆಣೆ ಮಾಡು."

"ನಮ್ಮ ಜೀತದಾಳಿಗೆ ಆಣೆ ಬೇರೆ ಕೇಡು," ಎಂದವನು ಅವಳ ಮುಖ ನೋಡಿ ನಗು ನಿಲ್ಲಿಸಿದ. ಆಣೆಯನ್ನೂ ಮಾಡಿದ. ಆದರೆ ಸೆರೆರ್‌ನವನ ಆಣೆ ಜೋಲಾದವಳಿಗೆ ಯಾವ ಲೆಕ್ಕ?

ಆಮಿ ನೇರವಾಗಿ ಅಲ್ಲಿನ ಹಿರಿಯ ನರ್ಸ್ ಸಿಸ್ಟರ್ ದಾರ್ಬೋ ಬಳಿಗೆ ಹೋದಳು. ಆಕೆ ಮಂಡಿಂಕಾ, ಗೇಲಿಯ ನಂಟೂ ಇಲ್ಲ, ಗೇಲಿಯ ಸ್ವಭಾವವೂ ಇಲ್ಲ.

"ಯಾವುದು ಖಾಲಿ, ಸಿಸ್ಟರ್?"

"ನನಗೆ ಗೊತ್ತಿಲ್ಲ."

ತಮಾಷೆಯವನು ಹೇಳಿದಾಗ ಸುಳ್ಳೆನಿಸಿದ್ದು ಗಂಭೀರದವಳು ಹೇಳಿದಾಗ ನಿಜವೆನಿಸಿತು, ಹೆದರಿಕೆ ಇಮ್ಮಡಿಯಾಯಿತು.

"ಇಷ್ಟು ಜನ ಓದಿದವರಿದ್ದೀರಿ, ಒಬ್ಬರಿಗೂ ಗೊತ್ತಿಲ್ಲವಾ?"

"ಒಂದರಲ್ಲಂತೂ ಇದೆ ಆಮಿ. ಆರು ವಾರ ಬಿಟ್ಟು ರಕ್ತ ನೋಡ್ತೀವಿ."

ಆರು ವಾರವೂ ಅವಳು ಬೆಳಗಾದರೆ ಮಗುವಿನ ಮಣಿಕಟ್ಟು ನೋಡುವಳು, ತೋಳು ನೋಡುವಳು. ಎರಡೂ ಏನೂ ಹೇಳಲಿಲ್ಲ. ಯಾವುದಕ್ಕೂ ಇರಲಿ ಎಂದು ಅತ್ತೆ ಅದರ ಸೊಂಟಕ್ಕೊಂದು ತೊಗಲಿನ ತಾಯಿತ ಕಟ್ಟಿದಳು. ಅಲ್ಲಿಗೆ ಮೂರಾದವು.

ಆರು ವಾರದ ಮೇಲೆ ರಕ್ತ ನೋಡಿದರು. ಮದ್ದು ಹತ್ತಿತ್ತು. ಯಾವುದರಿಂದ ಎಂದು ಯಾರೂ ಹೇಳಲಿಲ್ಲ.