ಹೆಣ್ಣುಮಕ್ಕಳ ಓದುವ ಕೋಣೆ

ಗ್ರಂಥಾಲಯಗಳ ನಿರ್ದೇಶಕಿ ಕಸ್ತೂರಿ ಇಳಕಲ್ಲಿಗೆ ಬಂದದ್ದು ಹೊಸ ಕಂಪ್ಯೂಟರ್ ವಿಭಾಗದ ಉದ್ಘಾಟನೆಗೆ. ಹಾರ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ಅವಳು ಹಿಂದಿನ ಕೋಣೆಯತ್ತ ನಡೆದಳು. ಅದಕ್ಕೆ ದಪ್ಪ ಕೀಲಿ ಜಡಿದಿತ್ತು.

ಇದೇ ಗ್ರಂಥಾಲಯದಲ್ಲಿ ಸಹಾಯಕಿಯಾಗಿ ನೌಕರಿಗೆ ಸೇರಿದ ಹೊಸತರಲ್ಲಿ, ಮಗ್ಗಕ್ಕೆ ನೂಲು ಸುತ್ತಿಕೊಡುವ ಹೆಣ್ಣುಮಕ್ಕಳಿಗೆಂದು ಮೇಲಿನವರೊಡನೆ ಜಗಳಾಡಿ ಅವಳೇ ಆ ಕೋಣೆ ಪಡೆದಿದ್ದಳು. ಬಾಗಿಲ ಹೊರಗೆ ನಿಲ್ಲುವುದೆಂದರೇನೆಂದು ಅವಳಿಗೆ ಗೊತ್ತಿತ್ತು. ಹುನಗುಂದದಲ್ಲಿ ಚಿಕ್ಕವಳಿದ್ದಾಗ, ಊರಾಚೆಯ ಕೇರಿಯ ಹುಡುಗಿ ಪುಸ್ತಕ ಮುಟ್ಟಿದರೆ ಉಳಿದವರು ಬರುವುದಿಲ್ಲವೆಂದು ಅಲ್ಲಿನ ಗ್ರಂಥಾಲಯದ ಗುಮಾಸ್ತನೊಬ್ಬ ಹಳೆಯ ಪತ್ರಿಕೆಗಳನ್ನು ಅವಳತ್ತ ಮೆಟ್ಟಿಲ ಮೇಲೆ ಎಸೆಯುತ್ತಿದ್ದ. "ಒಗದ್ರೂ ಓದವಾ. ಆದ್ರ ಮರೀಬ್ಯಾಡ" ಎನ್ನುತ್ತಿದ್ದ ಅಪ್ಪ ಪಾಂಡಪ್ಪ. ಅವಳು ಓದಿದಳು, ಮರೆಯಲೂ ಇಲ್ಲ. ಬಾದಾಮಿ, ಬಾಗಲಕೋಟೆ ಎಂದು ವರ್ಗಾವಣೆಯಲ್ಲೇ ಸುತ್ತಿ, ಕಿರಿಯರಿಗೆ ಬಡ್ತಿ ಕೊಟ್ಟು ತನ್ನನ್ನು ಬಿಟ್ಟದ್ದಕ್ಕೆ ಕೋರ್ಟಿನ ಮೆಟ್ಟಿಲೇರಿ, ಕೊನೆಗೆ ನಿರ್ದೇಶಕಿಯಾಗಿದ್ದಳು.

"ಕೀಲಿ ತಗೀರಿ" ಎಂದಳು.

ಗ್ರಂಥಪಾಲಕ ಶಂಕರಲಿಂಗ ತಡವರಿಸಿದ. "ಅಲ್ಲೇನಿಲ್ರಿ ಮೇಡಂ. ಹೆಣ್ಮಕ್ಕಳು ಯಾರೂ ಬರೂದಿಲ್ರಿ."

"ಸುಳ್ಳು!" ಅಂಗಳದಿಂದ ಹಜರತಬಿ ಕೂಗಿದಳು. ಆ ಕೋಣೆಯಲ್ಲೇ ಕಸ್ತೂರಿಯ ಪಕ್ಕ ಕೂತು ಓದಲು ಕಲಿತವಳು ಅವಳು. "ನಾವು ಬರ್ತೇವ್ರಿ ಬಾಯಾರ. ಕೀಲಿ ನೋಡಿ ಹೊಳ್ಳಿ ಹೋಗ್ತೇವಿ. ಕೇಳಿದ್ರ, ಮನ್ಯಾಗ ಕೆಲಸ ಇಲ್ಲೇನ ಅಂತಾರ."

ಬಾಗಿಲು ತೆರೆಯಿತು. ಒಳಗೆ ಸೂರು ಮುಟ್ಟುವಷ್ಟು ಪ್ಲಾಸ್ಟಿಕ್ ಕುರ್ಚಿಗಳು, ಹಂಡೆಗಳು, ಪರದೆಗಳು. ಊರಿನ ಮುಖಂಡನೊಬ್ಬನ ಶಾಮಿಯಾನಾ ಅಂಗಡಿಯ ಸಾಮಾನು. ಪುಸ್ತಕಗಳು ಮೂಲೆಯಲ್ಲಿ ಗೆದ್ದಲು ಹಿಡಿದು ಮಣ್ಣಾಗಿದ್ದವು.

ಕಸ್ತೂರಿಯ ಮೈಯೆಲ್ಲ ಉರಿಯಿತು. "ಇದು ಮಂದಿ ಓದೂ ಜಾಗಾನೋ, ಅವ್ರ ಗೋದಾಮೋ? ನಾಚಿಕಿ ಬರೂದಿಲ್ಲೇನ್ರಿ ನಿಮಗ?"

"ದೊಡ್ಡೋರು ಹೇಳಿದ್ರ ನಾ ಏನ್ ಮಾಡ್ಲಿರಿ?"

"ನನಗ ಒಂದು ಮಾತು ಹೇಳಬೇಕಿತ್ತು!"

ಶಾಲು ತೆಗೆದಿಟ್ಟು, ಸೆರಗು ಸಿಕ್ಕಿಸಿ, ಮೊದಲ ಕುರ್ಚಿಯನ್ನು ಅವಳೇ ಹೊತ್ತು ಹೊರಗಿಟ್ಟಳು. ಹಜರತಬಿ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕರೆತಂದಳು. ಸಂಜೆಯೊಳಗೆ ಸಾಮಾನು ರಸ್ತೆಗೆ ಬಂತು. ಮುಖಂಡ ಫೋನಿನಲ್ಲಿ ಅಬ್ಬರಿಸಿದ, "ಯಾರ ಸಾಮಾನು ಮುಟ್ಟೀ, ಗೊತ್ತೈತೇನು?"

"ಗೊತ್ತೈತ್ರಿ. ಬಂದು ಒಯ್ರಿ" ಎಂದಳು.

ವಾರ ಕಳೆಯುವುದರೊಳಗೆ ಅವಳನ್ನು ಕೆಲಸವೇ ಇಲ್ಲದ ಹುದ್ದೆಗೆ ತಳ್ಳಿದರು. "ನಿವೃತ್ತಿ ಹತ್ತಿರ ಇರೋವಾಗ ಇದೆಲ್ಲ ಯಾಕಮ್ಮ ಬೇಕಿತ್ತು?" ಎಂದು ಬೆಂಗಳೂರಿನ ಮೇಲಧಿಕಾರಿ ಕನಿಕರಪಟ್ಟರು. ಆ ಕನಿಕರಕ್ಕೆ ಅವಳ ಸಿಟ್ಟು ಇನ್ನೂ ಕೆರಳಿತು. ಓದುವವರ ಕೋಣೆ ಕಬಳಿಸಿದವನನ್ನು ಒಬ್ಬರೂ ಕೇಳಲಿಲ್ಲ, ಬಿಡಿಸಿದವಳನ್ನು ಎಲ್ಲರೂ ಕೇಳುತ್ತಿದ್ದಾರೆ! ಮರುದಿನವೇ ವಕೀಲರ ಬಳಿ ಹೋಗಿ ಮತ್ತೆ ಅರ್ಜಿ ಹಾಕಿಸಿದಳು.

ಕೆಲವು ದಿನಗಳ ಮೇಲೆ ಹಜರತಬಿ ಫೋನ್ ಮಾಡಿದಳು. "ಅವನ ಮಂದಿ ಬಂದಿದ್ರು ಬಾಯಾರ. ನಾವೆಲ್ಲ ಬಾಗಲದಾಗ ಕುಂತ್ವಿ, ಹೊಳ್ಳಿ ಹ್ವಾದ್ರು. ಆದ್ರ ಓದಾಕ ಒಂದೂ ಚಲೋ ಪುಸ್ತಕ ಉಳದಿಲ್ರಿ."

"ನಾ ತರ್ತೇನಿ" ಎಂದಳು ಕಸ್ತೂರಿ. ಫೋನಿಟ್ಟವಳೇ ತನ್ನ ಮನೆಯ ಕಪಾಟು ತೆರೆದು ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದಳು. ಸಿಟ್ಟು ಇನ್ನೂ ಆರಿರಲಿಲ್ಲ.