ನಾನಿಲ್ಲದ ನಾಲ್ಕು ನಿಮಿಷ

ಡೈರೆಕ್ಟರ್ ಅಂದರೆ ಎಲ್ಲದಕ್ಕೂ ಕೈ ಹಾಕುವವನು ಎಂದು ನಾನು ತಿಳಿದಿದ್ದೆ. ಆಗ ನನಗೆ ಇಪ್ಪತ್ಮೂರು. ಪುಣೆಯಲ್ಲಿ ಸಿನಿಮಾ ಕಲಿಯುತ್ತಿದ್ದೆ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಎಪ್ಪತ್ತಾರರ ಜನವರಿಯಲ್ಲಿ ಪರೀಕ್ಷೆಗೆಂದು ಹತ್ತು ನಿಮಿಷದ ಚಿತ್ರ ಮಾಡಿ ಒಪ್ಪಿಸಬೇಕಿತ್ತು. ಝಳಕಿಯ ಹತ್ತಿರ, ಹೆದ್ದಾರಿಯಿಂದ ಕೂಗಳತೆಯ ಹೊಲದಲ್ಲಿ ಶೂಟಿಂಗ್ ಇಟ್ಟುಕೊಂಡೆವು. ಕ್ಯಾಮೆರಾ ಸಿಂದಗಿಯ ಭೀಮಶ್ಯಾನದು, ಧ್ವನಿ ಮುದ್ದೇಬಿಹಾಳದ ಸಗೀರಾಳದು, ಡೈರೆಕ್ಟರ್ ಇಂಡಿ ಊರಿನ ಬಸಂತರಾಯ, ಅಂದರೆ ನಾನು. ಮೂವರ ಭಾಷೆ ಒಂದೇ, ಕೆಲಸ ಸಲೀಸಾದೀತು ಎಂದು ಮಾಸ್ತರರು ನಮ್ಮನ್ನು ಒಂದೇ ಗುಂಪಿಗೆ ಹಾಕಿದ್ದರು. ಭಾಷೆ ಒಂದೇ ಆದರೆ ಜಗಳವೂ ಸಲೀಸು ಎಂಬುದು ಪಾಪ ಅವರಿಗೆ ಹೊಳೆದಿರಲಿಲ್ಲ.

ಕಥೆ ಇಷ್ಟೇ: ಮುದುಕನೊಬ್ಬ ತಾನು ಸಾಕಿದ ಟಗರನ್ನು ಕೊನೆಗೆ ಬಿಚ್ಚಿ ಬಿಟ್ಟುಬಿಡುತ್ತಾನೆ, ಅದು ತಿರುಗಿಯೂ ನೋಡದೆ ಹೋಗುತ್ತದೆ. ಆ ಕೊನೆಯ ದೃಶ್ಯಕ್ಕಾಗಿಯೇ ಉಳಿದದ್ದನ್ನೆಲ್ಲ ಬರೆದಿದ್ದೆ. ಮುದುಕನ ಪಾತ್ರಕ್ಕೆ ಕುರಿ ಕಾಯುವ ಅಮೋಘಸಿದ್ಧ ಮುತ್ಯಾ ಸಿಕ್ಕರು. ಟಗರೂ ಅವರದೇ.

ಮುತ್ಯಾ ಟಗರು ಬಿಚ್ಚಿದರು. ಅದು ಎರಡು ಹೆಜ್ಜೆ ಇಟ್ಟಿತ್ತು, ಕ್ಯಾಮೆರಾ ಸೊಟ್ಟಗೆ ಕಂಡು ನಾನು "ಕಟ್!" ಅಂದೆ. ಎರಡನೆಯ ಸಲ ಲಾರಿಯ ಹಾರ್ನ್ ಕೇಳಿ ಸಗೀರಾ "ಕಟ್!" ಅಂದಳು. ಮೂರನೆಯ ಸಲ ಮೋಡ ಬಂತೆಂದು ಭೀಮಶ್ಯಾ ಅಂದ. ಪ್ರತಿ ಸಲವೂ ಮುತ್ಯಾ ಓಡಿಹೋಗಿ ಟಗರನ್ನು ಎಳೆದು ತಂದು ಗೂಟಕ್ಕೆ ಬಿಗಿಯುತ್ತಿದ್ದರು. ಎಷ್ಟು ಶಿಸ್ತಿನ ನಟ ಎಂದು ನಾನು ಮೆಚ್ಚಿಕೊಂಡಿದ್ದೆ. ನಾಲ್ಕನೆಯ ಸಲಕ್ಕೆ ಅವರು ಹಗ್ಗ ನೆಲಕ್ಕೆ ಒಗೆದರು.

"ಏ ತಮ್ಮಾ, ಬಿಚ್ಚು ಅಂತಿ, ಬಿಚ್ಚಿದ ಕೂಡ್ಲೆ ಕಟ್ಟು ಅಂತಿ. ಆ ಹುಡುಗಿನೂ ಕಟ್ಟು ಅಂತಾಳ, ಈ ಹುಡುಗನೂ ಕಟ್ಟು ಅಂತಾನ. ನಿಮ್ಮ ಮೂವರಾಗ ಹಿರೇರು ಯಾರು, ಅದನ್ನರ ಹೇಳ್ರಿ!"

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಫಿಲ್ಮಿನ ಪೆಟ್ಟಿಗೆ ನೋಡಿದ ಭೀಮಶ್ಯಾ ಮೊದಲು ನಗು ನಿಲ್ಲಿಸಿದ. ಉಳಿದದ್ದು ನಾಲ್ಕು ನಿಮಿಷದ ಫಿಲ್ಮು. ಇನ್ನೊಂದೇ ಸಲ. ಕೆಟ್ಟರೆ ಚಿತ್ರವಿಲ್ಲ, ಪರೀಕ್ಷೆಯೂ ಇಲ್ಲ.

"ನಿನ್ನ ಕ್ಯಾಮೆರಾ ಸೊಟ್ಟ ಇರಲಿಲ್ಲಂದ್ರ ಹಿಂಗ ಆಗ್ತಿರಲಿಲ್ಲ," ಅಂದೆ.

"ಸೊಟ್ಟ ಐತೋ ನೆಟ್ಟಗ ಐತೋ ನೋಡೋದು ನನ್ನ ಕೆಲಸ," ಅಂದ ಭೀಮಶ್ಯಾ. "ಇನ್ನೊಮ್ಮೆ ಕೈ ಹಚ್ಚಿದಿ ಅಂದ್ರ ಸೋಲಾಪುರ ಬಸ್ ಹತ್ತತೇನಿ."

ಸಗೀರಾ ಕಿವಿಯಿಂದ ಹೆಡ್‌ಫೋನ್ ತೆಗೆದಳು. "ನಾನೂ ಹತ್ತತೇನಿ. ಮುಂಜಾನಿಂದ ನನ್ನ ಮಷೀನಿನ ಗುಂಡಿ ನನಗಿಂತ ನೀನ ಹೆಚ್ಚು ತಿರುವಿದಿ."

ಹೋಗ್ರಿ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅವರು ಹೋದರೆ ಟಗರು ಮತ್ತು ನಾನು ಇಬ್ಬರೇ ಉಳಿಯುತ್ತಿದ್ದೆವು. ನುಂಗಿಕೊಂಡೆ.

ಲಾರಿಗಳ ಗದ್ದಲ ಮಾತ್ರ ಹಾಗೇ ಇತ್ತು. ಯಾರಾದರೂ ಹೆದ್ದಾರಿಗೆ ಹೋಗಿ ಅವನ್ನು ನಿಲ್ಲಿಸಲೇಬೇಕಿತ್ತು. ಸಗೀರಾ ಎಲ್ಲರನ್ನೂ ಒಮ್ಮೆ ನೋಡಿದಳು.

"ಭೀಮಶ್ಯಾನ ಕೈಯಾಗ ಕ್ಯಾಮೆರಾ ಐತಿ, ನನ್ನ ಕೈಯಾಗ ಮೈಕ್ ಐತಿ, ಮುತ್ಯಾನ ಕೈಯಾಗ ಹಗ್ಗ ಐತಿ. ನಿನ್ನ ಕೈಯಾಗ ಏನೈತಿ?"

"ನಾ ಹೋದ್ರ ಕಟ್ ಅನ್ನೋರು ಯಾರು?"

"ಯಾರೂ ಬ್ಯಾಡ," ಅಂದರು ಮುತ್ಯಾ. "ಕಟ್ಟೋ ಹೊತ್ತು ಬಂದ್ರ ನಾನ ಕಟ್ಟತೇನಿ."

ಹನ್ನೊಂದಕ್ಕೆ ಸರಿಯಾಗಿ ಶುರು ಎಂದು ಗೊತ್ತುಮಾಡಿಕೊಂಡು ಹೊರಟೆ. ನಡುವೆ ಆಳೆತ್ತರದ ಬಿಳಿಜೋಳ. ರಸ್ತೆಯಿಂದ ನನ್ನ ಸಿನಿಮಾದ ಚೂರೂ ಕಾಣುತ್ತಿರಲಿಲ್ಲ. ಎರಡು ಲಾರಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿಸಿದೆ. ಮೊದಲನೆಯ ಡ್ರೈವರ್ ಇಣುಕಿ ಕೇಳಿದ:

"ಯಾರಪ್ಪಾ ನೀ?"

"ಡೈರೆಕ್ಟರ್ ರೀ."

"ಶೂಟಿಂಗ್ ಎಲ್ಲಿ?"

"ಅಲ್ಲಿ, ಜೋಳದ ಆಚಿಗೆ."

"ಮತ್ತ ನೀ ಇಲ್ಲೇನ್ ಮಾಡಾಕತ್ತಿ?"

ಅಷ್ಟರಲ್ಲಿ ಮೂರನೆಯ ಲಾರಿ ಬಂತು. ಅದರ ಡ್ರೈವರನ ಕೈ ಹಾರ್ನ್ ಕಡೆ ಹೋಯಿತು, ನಾನು ಅತ್ತ ಓಡಿದೆ.

ಹಿಂದಿರುಗಿದಾಗ ಮೂವರೂ ರೊಟ್ಟಿ ತಿನ್ನುತ್ತಿದ್ದರು. ಟಗರು ಗೂಟದಲ್ಲಿತ್ತು.

"ಟಗರು ಹೋತಿಲ್ಲೋ?"

"ಹೋಗಲಿಲ್ಲ," ಅಂದ ಭೀಮಶ್ಯಾ.

"ಕ್ಯಾಮೆರಾ ಬಂದ್ ಮಾಡಿದಿ?"

"ಬಂದ್ ಮಾಡು ಅನ್ನೋರು ಲಾರಿ ಮುಂದಿದ್ರು. ಫಿಲ್ಮು ಮುಗಿಯೂತನಾ ಓಡಿಸಿದೆ."

ಫಿಲ್ಮು ತೊಳೆದು ಬರುವವರೆಗೆ ಮೂರು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಆಮೇಲೆ ಪುಣೆಯಲ್ಲಿ, ತುಂಬಿದ ಕ್ಲಾಸಿನಲ್ಲಿ, ಮಾಸ್ತರರ ಹಿಂದಿನ ಸಾಲಿನಲ್ಲಿ ಮೂವರೂ ಕೂತು ನೋಡಿದೆವು. ಮುತ್ಯಾ ಹಗ್ಗ ಬಿಚ್ಚಿ ಟಗರಿನ ಬೆನ್ನು ತಟ್ಟುತ್ತಾರೆ. ಅದು ಹತ್ತು ಹೆಜ್ಜೆ ಹೋಗಿ ನಿಲ್ಲುತ್ತದೆ, ಮರಳಿ ಬಂದು ಅವರ ಹೊಟ್ಟೆಗೆ ತಲೆ ಒತ್ತುತ್ತದೆ. ದೂಡುತ್ತಾರೆ, ಮತ್ತೆ ಬರುತ್ತದೆ. ಮೂರನೆಯ ಸಲ ಮುತ್ಯಾ ಕ್ಯಾಮೆರಾ ಮರೆತು ಕುಕ್ಕರಿಸಿ ಕೂತು, ಅದರ ಕೊರಳು ತಬ್ಬಿ, "ಹೋಗಂದ್ರ ಹೋಗವಲ್ಲಿ, ನಿನ್ನ ಹಾಳಾಗ," ಎಂದು ಮೆಲ್ಲಗೆ ಬೈದು ಕಟ್ಟಿಕೊಳ್ಳುತ್ತಾರೆ. ಅಲ್ಲಿ ನಾನಿದ್ದಿದ್ದರೆ ಹತ್ತನೆಯ ಹೆಜ್ಜೆಗೇ ಕಟ್ ಅಂದಿರುತ್ತಿದ್ದೆ. ನಾಚಿಕೆಯಾಯಿತು, ಕಣ್ಣೂ ತುಂಬಿತು.

ಆ ಮೌನದಲ್ಲಿ, ದೂರದಿಂದ, ಒಂದು ಕೀರಲು ಧ್ವನಿ: "ಅಣ್ಣಾ, ಕೈ ಮುಗೀತೇನಿ, ಕಾಲಿಗೆ ಬೀಳ್ತೇನಿ, ಹಾರ್ನ್ ಹೊಡೀಬ್ಯಾಡ್ರಿ!"

ಸಭೆಯೆಲ್ಲ ಘೊಳ್ಳೆಂದಿತು.

"ಇದನ್ನ ಅಳಿಸಾಕ ಬರೂದಿಲ್ಲೇನು?" ಎಂದು ಸಗೀರಾಳ ಕಿವಿಯಲ್ಲಿ ಕೇಳಿದೆ.

"ಬರತೈತಿ. ಇರಲಿ ಅಂತ ಬಿಟ್ಟೇನಿ."

ಬಾಯಿ ತೆರೆದೆ. ಧ್ವನಿ ಅವಳ ಕೆಲಸ. ಮುಚ್ಚಿದೆ.

ಮಾಸ್ತರರು ನಗುತ್ತಲೇ ಹಿಂದೆ ತಿರುಗಿ, ಯಾರಿದು ಇಷ್ಟು ಪ್ರಾಮಾಣಿಕವಾಗಿ ಬೇಡಿಕೊಳ್ಳುತ್ತಿರುವವನು ಎಂದು ಕೇಳಿದರು. ಶೂಟಿಂಗಿನ ದಿನದಿಂದ ನನ್ನೊಡನೆ ಸರಿಯಾಗಿ ಮಾತಾಡದಿದ್ದ ಭೀಮಶ್ಯಾ ಎದ್ದು ನಿಂತು, ನನ್ನ ಹೆಗಲ ಮೇಲೆ ಕೈಯಿಟ್ಟ.

"ನಮ್ಮ ಡೈರೆಕ್ಟರ್ ರೀ," ಅಂದ.