ಒಂಟಿ ಬೆಟ್ಟದ ಬೇರು

ಕಲ್ಲನ್ನು ಕೂದಲೆಳೆಗಿಂತ ತೆಳ್ಳಗೆ ತೇಯುವುದು ಅವನ ಕಸುಬು. ಕಾಲೇಜಿನ ಭೂವಿಜ್ಞಾನ ವಿಭಾಗದ ಹಿಂಬದಿ ಕೋಣೆಯಲ್ಲಿ ಮೂವತ್ತೊಂದು ವರ್ಷ, ಅಲ್ಲೇ ಪ್ರಾಧ್ಯಾಪಕರಾಗಿದ್ದ ಭಾವ ತಂದ ಕಲ್ಲುಗಳನ್ನೆಲ್ಲ ಅವನೇ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೇದು ಕೊಟ್ಟಿದ್ದ. ಭಾವ ತೀರಿಕೊಂಡು ಈಗ ನಾಲ್ಕು ತಿಂಗಳು. ಉಳಿದದ್ದು ಅವರ ಕೊನೆಯ ಪ್ರಬಂಧ, ಅದಕ್ಕೆ ಸಾಕ್ಷಿಯಾಗಬೇಕಾದ ಹೆಬ್ಬೆರಳ ಗಾತ್ರದ ಹಸಿರು ಕಲ್ಲು.

ಬಯಲಿನ ನಡುವೆ ನಿಂತ ಒಂದು ಜ್ವಾಲಾಮುಖಿಗಾಗಿ ಭಾವ ಆಯುಷ್ಯ ಸವೆಸಿದ್ದರು. ಜ್ವಾಲಾಮುಖಿಗಳು ಹೆಚ್ಚಾಗಿ ಭೂಫಲಕಗಳ ಅಂಚಿನಲ್ಲಿ ಸಾಲುಗಟ್ಟಿ ಹುಟ್ಟುತ್ತವೆ; ಇದು ಮಾತ್ರ ನಂಟರಿಲ್ಲದ ಮನೆಯಂತೆ ದೂರ. ಫಲಕ ಬಾಗಿ ಬಿರುಕುಬಿಟ್ಟು, ಮೇಲುಪದರದ ಶಿಲಾರಸವೇ ಸೋರಿ ಬೆಟ್ಟವಾಯಿತೆಂದು ಭಾವನ ವಾದ. ಬಹಳ ಆಳದಿಂದ ಬಿಸಿ ಎದ್ದು ಬಂತೆನ್ನುವವರೊಡನೆ ಜಗಳವಾಡಿಕೊಂಡೇ ಹೋದರು. ಲಾವಾ ಕಿತ್ತು ತಂದ ಈ ಹಸಿರು ಕಲ್ಲಿನಲ್ಲಿ ಗಾರ್ನೆಟ್ ಹರಳು ಇಲ್ಲದಿದ್ದರೆ ಭಾವನ ವಾದ ಗೆದ್ದಂತೆ. ಇಂಥ ಕಲ್ಲಿನಲ್ಲಿ ಆ ಹರಳು ಕೂಡುವುದು ತೀರ ಆಳದಲ್ಲಿ.

ದೇವರನ್ನು ನೆನೆದು ತೇಯಲು ಕುಳಿತ. ಮಧ್ಯಾಹ್ನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೂಲೆಯಲ್ಲಿ ಸಾಸಿವೆಯ ಕಾಲುಭಾಗದಷ್ಟು ನಸುಗೆಂಪು ಹರಳು. ಗಾರ್ನೆಟ್ಟೇ. ಇನ್ನು ಹತ್ತು ಸುತ್ತು ತೇದರೆ ಕೆಸರಾಗಿ ಹೋಗುತ್ತದೆ. ಮೂಲೆ ಸವೆಯುವುದು ಈ ಕಸುಬಿನಲ್ಲಿ ಇದ್ದದ್ದೇ; ಯಾರೂ ಕೇಳುವುದಿಲ್ಲ. ಅವನ ಕೈ ತೇಯುವ ಪುಡಿಯ ಡಬ್ಬಿಗೆ ಹೋಯಿತು.

ಅಷ್ಟರಲ್ಲಿ ಅಕ್ಕ ಬಂದಳು.

"ಆಯ್ತೇನೋ? ನಾಳೆ ಅಚ್ಚಿಗೆ ಕೊಡ್ಬೇಕು, ಈ ಕಲ್ಲಿನ ಚಿತ್ರ ಒಂದೇ ಬಾಕಿ."

"ಕೂತ್ಕೋ ಅಕ್ಕ."

"ನಿಂತ್ರೆ ಕೇಳ್ಸಲ್ವಾ ನಂಗೆ?"

ಅವನು ಹೇಳಿದ. ಹತ್ತು ಸುತ್ತಿನ ಯೋಚನೆಯನ್ನೂ ಮುಚ್ಚಿಡಲಿಲ್ಲ. ಅಕ್ಕ ಬಹಳ ಹೊತ್ತು ಕಣ್ಣು ಹಚ್ಚಿ ನೋಡಿದಳು.

"ಇಷ್ಟೇ ಇಷ್ಟಿದೆಯಲ್ಲೋ!"

"ಅಷ್ಟು ಸಾಕು."

"ನನ್ನ ಒಂದು ಮಾತಿಗೂ ಹೂಂ ಅಂದವರಲ್ಲ ನಿನ್ನ ಭಾವ. ನಿನ್ನ ಗಾಜು ನೋಡಿ ಮಾತ್ರ ಎಷ್ಟು ಸಲ ಬರೆದ ಹಾಳೆ ಹರಿದು ಹಾಕಿದ್ರೋ." ಅವಳು ಕಣ್ಣೊರೆಸಿಕೊಂಡಳು. "ಮುಚ್ಚೋ ಅದನ್ನ, ಬೇಗ. ನಿನ್ನ ಕೈ ಮೇಲೂ ನಂಬಿಕೆ ಇಲ್ಲ, ನನ್ನ ಬಾಯಿ ಮೇಲೂ ಇಲ್ಲ."

ಅವನು ಅಂಟಿನ ಹನಿ ಬಿಟ್ಟು ಮುಚ್ಚುಗಾಜು ಒತ್ತಿದ. ಇನ್ನು ತೇಯುವಂತಿಲ್ಲ. ಅಕ್ಕ ಪ್ರಬಂಧದ ಕೊನೆಯ ಹಾಳೆ ತೆಗೆದಳು.

"ಹೇಳು, ಎಷ್ಟು ಆಳ ಅಂತ ಬರೀಲಿ?"

"ಅದು ನಂಗೆಲ್ಲಿ ಗೊತ್ತು? ಆಳದಿಂದ ಬಂತು ಅಂದವ್ರನ್ನ ಮನೆಗೆ ಕಾಲಿಡ್ಬೇಡಿ ಅಂತ ಭಾವ ಬೈದು ಕಳ್ಸಿದ್ರಲ್ಲ, ಅವ್ರನ್ನೇ ಕೇಳ್ಬೇಕು."

"ಒಳ್ಳೇ ಫಜೀತಿ," ಎನ್ನುತ್ತ ಅಕ್ಕ ಫೋನಿಗೆ ಕೈಹಾಕಿದಳು.